ಮಂಗನ ಕಾಯಿಲೆಗೆ ಇದ್ದ ಲಸಿಕೆ ಎಲ್ಲಿ ಹೋಯಿತು?

ಮಳೆ ಮುಗಿದು ಚಳಿ ಬಿದ್ದರೆ ಸಾಕು, ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಹೊನ್ನಾವರ ಕಡೆಯ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಶುರುವಾಗುತ್ತದೆ. ಇಂಥ ಊರಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ. ಇಂಥ ಊರಿನ ಒಬ್ಬರ ರಕ್ತದ ವರದಿ ಪಾಸಿಟಿವ್ ಬಂದಿದೆ. ಆರೋಗ್ಯ ಇಲಾಖೆಯವರು ಹುಳ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಮನೆ ಮನೆಗೆ ಹಂಚುತ್ತಿದ್ದಾರೆ. ಅದರ ಪಕ್ಕದಲ್ಲೇ ಇನ್ನೊಂದು ಸುದ್ದಿ: ‘ಹೊಸ ಲಸಿಕೆ ಬರಲಿದೆ’.

ಓದುವವರಿಗೆ ಗೊಂದಲ ಆಗುವುದು ಇಲ್ಲೇ. ಲಸಿಕೆ ಹೊಸದಾಗಿ ಬರಬೇಕು ಅಂದರೆ, ವರ್ಷಗಟ್ಟಲೆ ಊರಿನ ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಚುಚ್ಚಿದ್ದು ಏನು? ಅದು ಯಾಕೆ ನಿಂತಿತು? ಕಾಯಿಲೆ ಪತ್ತೆಯಾಗಿ ಆರು ದಶಕ ಕಳೆದರೂ ಯಾಕೆ ಹೋಗಿಲ್ಲ? 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಒಂದರ ಹಿಂದೊಂದು ಪ್ರಕರಣ ಬಂದು, ಸಾವೂ ಆದಾಗ ಈ ಪ್ರಶ್ನೆಗಳು ಮತ್ತೆ ಎದ್ದವು. ಉತ್ತರ ಕೊಟ್ಟವರು ಮಾತ್ರ ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಒಬ್ಬರು ಲಸಿಕೆ ಅಂದರು, ಒಬ್ಬರು ಕಾಡು ಅಂದರು, ಇನ್ನೊಬ್ಬರು ಮಂಗ ಅಂದರು.

ಈ ಮೂರು ಮಾತಿನ ಹಿಂದೆಯೂ ಒಂದೊಂದು ಹಳೆಯ ಸಂಶೋಧನೆ ಇದೆ. ಅಮೆರಿಕ, ರಷ್ಯಾ, ಕೊಲಂಬಿಯಾ, ಮುಂಬೈ ಹೀಗೆ ಎಲ್ಲೆಲ್ಲಿಯೋ ಕೂತು ಕೆಲಸ ಮಾಡಿದ ಜೀವವಿಜ್ಞಾನಿಗಳ ತಲೆ ನಮ್ಮ ಸೊಪ್ಪಿನ ಬೆಟ್ಟದ ದರಕಿನೊಳಗೆ, ಅಂದರೆ ಉದುರಿದ ಒಣ ಎಲೆಯೊಳಗೆ, ಸೇರಿಕೊಂಡಿದೆ. ಅದನ್ನು ಬಿಡಿಸಿ ನೋಡಿದರೆ ಇವತ್ತಿನ ಜಗಳ ಸ್ವಲ್ಪ ತಿಳಿಯಾಗುತ್ತದೆ.

ಹಳದಿ ಜ್ವರ ಅಂದುಕೊಂಡಿದ್ದರು

1957ರ ಬೇಸಿಗೆಯ ಮೊದಲ ದಿನಗಳು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ತಲೆನೋವು, ಕೆಲವರಿಗೆ ಒಸಡು ಮೂಗಿನಿಂದ ರಕ್ತ. ಸೊರಬ ನಮಗೆ ದೂರದ ಊರಲ್ಲ. ಶಿರಸಿ ಸಿದ್ದಾಪುರಗಳ ಗಡಿ ದಾಟಿದರೆ ಅದೇ.

ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಇತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ 1952ರಲ್ಲಿ ಶುರುವಾದದ್ದು. ಅದರ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಅವರ ತಂಡಕ್ಕೆ ಸುದ್ದಿ ಕೇಳಿ ಎದೆ ಝಲ್ಲೆಂದಿರಬೇಕು. ಕಾಡಿನಲ್ಲಿ ಮಂಗ ಸಾಯುವುದು, ಊರಿನಲ್ಲಿ ಜನ ಜ್ವರದಿಂದ ಮಲಗುವುದು, ಈ ಎರಡೂ ಒಟ್ಟಿಗೆ ಕಾಣುವುದು ದಕ್ಷಿಣ ಅಮೆರಿಕದ ಹಳದಿ ಜ್ವರದಲ್ಲಿ. ಭಾರತದಲ್ಲಿ ಆ ಕಾಯಿಲೆ ಇರಲೇ ಇಲ್ಲ. ಆದರೆ ಅದನ್ನು ಹರಡುವ ಜಾತಿಯ ಸೊಳ್ಳೆ ಊರೂರಲ್ಲಿ ಇತ್ತು. ಒಮ್ಮೆ ಬಂದರೆ ತಡೆಯುವುದು ಹೇಗೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ.

ಪರೀಕ್ಷೆಯಲ್ಲಿ ಹಳದಿ ಜ್ವರ ಅಲ್ಲ ಎಂದಾಯಿತು. ಸಿಕ್ಕಿದ್ದು ಹೊಸ ವೈರಸ್. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು. ಕೆಲವೆಡೆ ಉಣ್ಣೆ ಅನ್ನುತ್ತಾರೆ. ಅದರಲ್ಲೂ ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಎಂಬ ಜಾತಿಯದ್ದೇ ಮುಖ್ಯ ಎಂದು ಗೊತ್ತಾಯಿತು. ಕಂಡುಹಿಡಿದ ವಿಧಾನ ಬಹಳ ಸರಳ. ಬಿಳಿ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ, ಗಿಡಗಂಟಿಯ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗುವುದು. ಯಾವುದೋ ಪ್ರಾಣಿ ಬಂತೆಂದು ಉಣುಗು ಬಟ್ಟೆಗೆ ಹತ್ತಿಕೊಳ್ಳುತ್ತದೆ. ಆಮೇಲೆ ಚಿಮಟದಿಂದ ಒಂದೊಂದೇ ಹೆಕ್ಕಿ ಸೀಸೆಗೆ ಹಾಕುವುದು. ಜನರನ್ನು ಹೆಚ್ಚು ಕಚ್ಚುವುದು ಉಣುಗಿನ ಮರಿ. ಸಾಸಿವೆ ಕಾಳಿಗಿಂತ ಸಣ್ಣ. ಅದು ಮೈಮೇಲೆ ಹರಿದಾಡಿದ್ದು ಗೊತ್ತೇ ಆಗುವುದಿಲ್ಲ, ತುರಿಕೆ ಬಂದಾಗಲೇ ತಿಳಿಯುವುದು. ಇವತ್ತಿಗೂ ಇಲಾಖೆಯವರು ಉಣುಗು ಹಿಡಿಯುವುದು ಆ ಬಿಳಿ ಬಟ್ಟೆಯಲ್ಲೇ.

ಟೆಕ್ಸಾಸಿನ ರೈತರ ಮಾತು

ಉಣುಗು ಕಾಯಿಲೆ ಹರಡಬಹುದು ಎಂದು 1957ರ ತಂಡಕ್ಕೆ ಹೊಳೆದದ್ದು ಹೇಗೆ? ಅದಕ್ಕೆ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಎಂಬವರಿಗೆ ಋಣಿಯಾಗಿರಬೇಕು. ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದು ಕಡಿಮೆ. ಪಾಶ್ಚರ್, ಕಾಖ್ ಪಕ್ಕ ಕೂರಬೇಕಾದ ಮನುಷ್ಯ ಅನ್ನುವುದು ನನ್ನ ಅಭಿಪ್ರಾಯ.

ಟೆಕ್ಸಾಸ್ ಸೇರಿ ಅಮೆರಿಕದ ದಕ್ಷಿಣದ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದರೆ, ಅವು ನಡೆದ ದಾರಿಯಲ್ಲಿ ಮೇದ ಉತ್ತರದ ದನಗಳು ಸಾಯುತ್ತಿದ್ದವು. ದಕ್ಷಿಣದ ದನಗಳಿಗೆ ಏನೂ ಆಗುತ್ತಿರಲಿಲ್ಲ. ದನ ಸಾಕುವವರು ‘ಇದು ಉಣುಗಿನ ಕೆಲಸ’ ಎಂದು ಹೇಳುತ್ತಲೇ ಇದ್ದರು. ಓದಿದವರು ನಕ್ಕರು. ಸ್ಮಿತ್ ನಗಲಿಲ್ಲ. ಒಂದು ಬೇಲಿಯೊಳಗೆ ಉಣುಗು ಇರುವ ದನ, ಇನ್ನೊಂದರಲ್ಲಿ ಕೈಯಲ್ಲಿ ಉಣುಗು ಹೆಕ್ಕಿ ತೆಗೆದ ದನ, ಮತ್ತೊಂದರಲ್ಲಿ ಬರೀ ಉಣುಗು. ಹೀಗೆ ಬೇರೆ ಬೇರೆ ಮಾಡಿ ವರ್ಷಗಟ್ಟಲೆ ನೋಡಿದರು. ಉಣುಗು ಇದ್ದಲ್ಲಿ ಮಾತ್ರ ದನ ಸತ್ತವು. 1893ರಲ್ಲಿ ಅವರು ಮತ್ತು ಎಫ್. ಎಲ್. ಕಿಲ್ಬೋರ್ನ್ ಇದನ್ನು ಪ್ರಕಟಿಸಿದರು. ಕಚ್ಚುವ ಹುಳ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ರೋಗ ಒಯ್ಯುತ್ತದೆ ಎಂದು ಗಟ್ಟಿಯಾಗಿ ತೋರಿಸಿದ ಮೊದಲ ಕೆಲಸಗಳಲ್ಲಿ ಇದೂ ಒಂದು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕಂಡದ್ದು ಇದಾದ ನಾಲ್ಕು ವರ್ಷಕ್ಕೆ, 1897ರಲ್ಲಿ.

ಸ್ಮಿತ್ ಇನ್ನೊಂದು ಕಡೆಯೂ ನಮಗೆ ಬೇಕಾಗುತ್ತಾರೆ. 1886ರಲ್ಲಿ ಅವರು ಡೇನಿಯಲ್ ಸಾಲ್ಮನ್ ಜೊತೆ ಸೇರಿ, ಕಾಯಿಸಿ ಕೊಂದ ರೋಗಾಣುವನ್ನು ಪಾರಿವಾಳಗಳಿಗೆ ಚುಚ್ಚಿದರೂ ರಕ್ಷಣೆ ಸಿಗುತ್ತದೆ ಎಂದು ತೋರಿಸಿದ್ದರು. ಪಾಶ್ಚರ್ ಬಳಸಿದ್ದು ಬಲ ಕುಗ್ಗಿಸಿದ ಜೀವಂತ ರೋಗಾಣು. ಸತ್ತ ರೋಗಾಣುವೂ ಸಾಕು ಎಂಬ ದಾರಿ ತೆರೆದವರು ಈ ಇಬ್ಬರು. ಮಂಗನ ಕಾಯಿಲೆಯ ಹಳೆಯ ಲಸಿಕೆ ಅದೇ ದಾರಿಯದು. ಒಬ್ಬನೇ ಮನುಷ್ಯ ಉಣುಗಿನ ಕಥೆಗೂ ಲಸಿಕೆಯ ಕಥೆಗೂ ಬುಡ ಹಾಕಿದ್ದಾನೆ, ವಿಚಿತ್ರ ಅಲ್ವಾ?

ರಷ್ಯಾದಿಂದ ಹಕ್ಕಿ ತಂದಿತೇ?

ಕ್ಯಾಸನೂರಿನ ವೈರಸ್ಸನ್ನು ಹೋಲಿಸಿ ನೋಡಿದಾಗ ಅದರ ಹತ್ತಿರದ ನೆಂಟ ಸಿಕ್ಕಿದ್ದು ಸಾವಿರಾರು ಮೈಲಿ ಆಚೆ, ರಷ್ಯಾದ ಪೂರ್ವದ ಕಾಡುಗಳಲ್ಲಿ. ಅಲ್ಲಿ 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಮಿದುಳು ಜ್ವರವೊಂದರ ಬೆನ್ನು ಹತ್ತಿ ಹೋಗಿ, ಅದು ಉಣುಗಿನಿಂದ ಬರುತ್ತದೆ ಎಂದು ಕೆಲವೇ ತಿಂಗಳಲ್ಲಿ ಪತ್ತೆ ಮಾಡಿತ್ತು. ತಂಡದಲ್ಲಿದ್ದ ಮಿಖಾಯಿಲ್ ಚುಮಕೋವ್ ಎಂಬ ಯುವಕನಿಗೆ ಅದೇ ಸೋಂಕು ತಗುಲಿ ಕಿವಿ ಕೇಳದಾಯಿತು, ಒಂದು ಕೈ ಸೋತಿತು. ಆದರೂ ಅವರು ಮುಂದೆ ದೊಡ್ಡ ವೈರಸ್ ತಜ್ಞರಾದರು. ಜಿಲ್ಬರ್‌ಗೆ ಸಿಕ್ಕ ಬಹುಮಾನ ಜೈಲು. ಸ್ಟಾಲಿನ್ ಕಾಲ, ಕಾಡಿನಿಂದ ವಾಪಸ್ ಬಂದ ವರ್ಷವೇ ಬಂಧಿಸಿದರು.

ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಮುಂಬೈನ ನಿಸರ್ಗ ಇತಿಹಾಸ ಸಂಸ್ಥೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಆಮೇಲೆ ಆ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿ, 1970ರ ದಶಕದಲ್ಲಿ ಸಂಸತ್ತಿನವರೆಗೆ ಗಲಾಟೆ ಹೋಯಿತು. ‘ಈ ಕಾಯಿಲೆ ವಿದೇಶದವರು ಬಿಟ್ಟದ್ದು’ ಎಂಬ ಮಾತು ಇವತ್ತಿಗೂ ಮಲೆನಾಡಿನ ಚಹಾದಂಗಡಿಯಲ್ಲಿ ಕೇಳಿಬರುತ್ತದಲ್ಲ, ಅದು ಬೆಳೆದದ್ದು ಆ ಕಾಲದ ಅನುಮಾನದ ಮೇಲೆ. ಹಕ್ಕಿಗಳ ಪಯಣದ ಬಗ್ಗೆ ಭಾರತಕ್ಕೆ ಅಮೂಲ್ಯ ಮಾಹಿತಿ ಸಿಕ್ಕಿತು. ಹಕ್ಕಿಯೇ ವೈರಸ್ ತಂದಿತು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು. ಅದು ರಷ್ಯಾದ ವೈರಸ್ಸಿಗಿಂತಲೂ ನಮ್ಮದಕ್ಕೆ ಹತ್ತಿರದ ಸಂಬಂಧಿ.

ರಷ್ಯಾದಿಂದ ನಮಗೆ ನಿಜವಾಗಿ ಬಂದದ್ದು ಒಂದು ಯೋಚನೆ. ಯೆವ್ಗೆನಿ ಪಾವ್ಲೋವ್ಸ್ಕಿ ಎಂಬ ಪ್ರಾಣಿವಿಜ್ಞಾನಿ 1930ರ ದಶಕದ ಕೊನೆಯಲ್ಲಿ ಹೇಳಿದ್ದು ಇದು: ಕೆಲವು ರೋಗಗಳಿಗೆ ಕಾಡಿನಲ್ಲೇ ಗೂಡು ಇರುತ್ತದೆ. ಹುಳ, ಸಣ್ಣ ಪ್ರಾಣಿ, ಗಿಡಗಂಟಿ, ತೇವ ಎಲ್ಲ ಸರಿಹೊಂದಿದ ಜಾಗದಲ್ಲಿ ರೋಗಾಣು ಮನುಷ್ಯನ ಹಂಗಿಲ್ಲದೆ ಸುತ್ತುತ್ತಿರುತ್ತದೆ. ಮನುಷ್ಯ ಆ ಗೂಡಿಗೆ ಕಾಲಿಟ್ಟಾಗ ಮಾತ್ರ ಸಿಕ್ಕಿಬೀಳುತ್ತಾನೆ. ಲಸಿಕೆಯ ಚರ್ಚೆಯಲ್ಲಿ ಎಲ್ಲರೂ ಮರೆಯುವ ವಿಷಯ ಇದೇ. ಮುಂದೆ ಮತ್ತೆ ಇದಕ್ಕೆ ಬರೋಣ.

ದನದ ಬೆನ್ನೇರಿ ಊರಿಗೆ

ಗೂಡು ಕಾಡಿನಲ್ಲಿದ್ದರೆ ಕಾಯಿಲೆ 1957ರಲ್ಲೇ ಯಾಕೆ ಹೊರಗೆ ಬಂತು? ಇದನ್ನು ಕೇಳಿದವರು ಜಾರ್ಜ್ ಬೋಶೆಲ್, ಕೊಲಂಬಿಯಾದ ವಿಜ್ಞಾನಿ. ಅವರ ಹಳೆಯ ಅನುಭವ ಇಲ್ಲಿ ಕೆಲಸಕ್ಕೆ ಬಂತು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರದ ಸೊಳ್ಳೆ ಹುಡುಕುತ್ತಿದ್ದಾಗ ನೆಲದ ಮಟ್ಟದಲ್ಲಿ ಅದು ಅಷ್ಟಾಗಿ ಸಿಗುತ್ತಿರಲಿಲ್ಲ. ಒಂದು ದಿನ ಕೂಲಿಯವರು ದೊಡ್ಡ ಮರ ಉರುಳಿಸಿದರು. ಮರ ಬಿದ್ದದ್ದೇ ತಡ, ನೀಲಿ ಬಣ್ಣದ ಸೊಳ್ಳೆಗಳು ಕೂಲಿಯವರಿಗೆ ಮುತ್ತಿಕೊಂಡವು. ಮರದ ನೆತ್ತಿಯಲ್ಲಿ ಮಂಗಗಳ ಜೊತೆ ಇದ್ದ ಸೊಳ್ಳೆ ಮರದ ಜೊತೆಗೇ ಕೆಳಗೆ ಬಂದಿತ್ತು.

ಅದೇ ಕಣ್ಣಿನಿಂದ ಅವರು ಸೊರಬ ಸಾಗರದ ಕಾಡು ನೋಡಿದರು. ಉಣುಗಿನ ಬದುಕು ಮೂರು ಹಂತದ್ದು. ಮಳೆಗಾಲದಲ್ಲಿ ಬೆಳೆದ ಉಣುಗು ದೊಡ್ಡ ಪ್ರಾಣಿಯ ರಕ್ತ ಹೀರಿ ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಹೋದ ಮೇಲೆ ಮೊಟ್ಟೆಯೊಡೆದ ಮರಿ ಇಲಿ, ಮೂಗಿಲಿ, ನೆಲದ ಹಕ್ಕಿಗಳಿಗೆ ಹತ್ತುತ್ತದೆ. ಚಳಿಯಿಂದ ಬೇಸಿಗೆಯವರೆಗೆ ಎರಡನೇ ಹಂತದ ಮರಿ. ಮಂಗಕ್ಕೂ ಮನುಷ್ಯನಿಗೂ ಕಚ್ಚುವುದು ಇದೇ ಜಾಸ್ತಿ. ಹಾಗಾಗಿಯೇ ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಲ. ಹಿಂದೆ ಬೆಳೆದ ಉಣುಗಿಗೆ ಸಿಗುತ್ತಿದ್ದ ದೊಡ್ಡ ಪ್ರಾಣಿ ಅಂದರೆ ಕಾಡುಕೋಣ, ಕಡವೆ. ಅವು ಲೆಕ್ಕದಲ್ಲಿ ಕಡಿಮೆ. ಜನಸಂಖ್ಯೆ ಏರಿ ದನಗಳು ನೂರುಗಟ್ಟಲೆ ಕಾಡಿಗೆ ಮೇಯಲು ಹೋದಾಗ ಉಣುಗಿಗೆ ಹಬ್ಬದೂಟ ಸಿಕ್ಕಿತು. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಉಣುಗಿನ ಸಂಖ್ಯೆ ಏರುತ್ತದೆ, ಅದೂ ಊರಿಗೂ ಕಾಡಿಗೂ ನಡುವಿನ ಅಂಚಿನಲ್ಲಿ. ಬೋಶೆಲ್ 1969ರಲ್ಲಿ ಬರೆದ ವಾದದ ತಿರುಳು ಇದು.

ಆಮೇಲೆ ನಡೆದದ್ದು ಆ ವಾದಕ್ಕೆ ಬಲ ಕೊಟ್ಟಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ನೆಡಲು ಕಾಡು ಕಡಿದ ಬೆನ್ನಿಗೇ ಅಲ್ಲಿ ಈ ಕಾಯಿಲೆ ಸ್ಫೋಟವಾಯಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಇತ್ತೀಚೆಗೆ ಬೆಥನ್ ಪರ್ಸ್ ಮತ್ತು ಭಾರತದ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು. ನಿತ್ಯಹಸಿರು ಕಾಡು ಮತ್ತು ತೋಟ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ, ಊರ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು.

ಸಿದ್ದಾಪುರ ಶಿರಸಿಯ ನಕ್ಷೆ ಬರೆಯಲು ಕೂತರೆ ಇದೇ ವಾಕ್ಯ ಸಾಕು. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ತೋಟದ ಗೊಬ್ಬರಕ್ಕೆ, ಕೊಟ್ಟಿಗೆಗೆ ಹಾಸಲು ಬೆಟ್ಟದ ಸೊಪ್ಪು ದರಕು ಬೇಕೇ ಬೇಕು. ದರಕು ಗುಡಿಸಿ ಕಲ್ಲಿಗೆ (ಬಲೆಯಂಥ ಚೀಲಕ್ಕೆ) ತುಂಬಿ ಹೊರುವುದು ಯಾವಾಗ? ಮಳೆ ಹೋದ ಮೇಲೆ, ಎಲೆ ಉದುರಿದ ಮೇಲೆ. ಅಂದರೆ ಉಣುಗಿನ ಮರಿ ಅದೇ ದರಕಿನಲ್ಲಿ ಕಾದು ಕೂತಿರುವ ತಿಂಗಳುಗಳಲ್ಲಿ. ಕಾಯಿಲೆ ಬೀಳುವವರಲ್ಲಿ ಇಂಥ ಕೆಲಸದ ಕೂಲಿಯವರು, ಸಣ್ಣ ಹಿಡುವಳಿದಾರರು ಜಾಸ್ತಿ ಇರುವುದು ಆಕಸ್ಮಿಕ ಅಲ್ಲ.

ಹಳೆಯ ಲಸಿಕೆ ಬಂದ ದಾರಿ, ಹೋದ ದಾರಿ

ಮೊದಲು ಮಾಡಿದ್ದು ಅವಸರದ ಪ್ರಯೋಗ. ರಷ್ಯಾದ ವೈರಸ್ಸಿನ ನೆಂಟ ತಾನೇ, ಆ ಕಾಯಿಲೆಯ ಲಸಿಕೆಯನ್ನೇ ಇಲ್ಲಿಯೂ ಕೊಡೋಣ ಎಂದು ಕೊಟ್ಟು ನೋಡಿದರು. ಉಪಯೋಗ ಆಗಲಿಲ್ಲ. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಒಂದರ ಬೀಗಕ್ಕೆ ಇನ್ನೊಂದರ ಕೀಲಿ ಹತ್ತುವುದಿಲ್ಲ.

ನಮ್ಮದೇ ವೈರಸ್ಸಿನಿಂದ ಲಸಿಕೆ ಮಾಡಬೇಕಾಯಿತು. ಅದಕ್ಕೆ ವೈರಸ್ ಬೆಳೆಸುವ ಜಾಗ ಬೇಕು. ವೈರಸ್ ಜೀವಕೋಶದೊಳಗೆ ಮಾತ್ರ ಬೆಳೆಯುವಂಥದ್ದು. 1931ರಲ್ಲಿ ಅರ್ನೆಸ್ಟ್ ಗುಡ್‌ಪಾಶ್ಚರ್ ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ವೈರಸ್ ಬೆಳೆಸಿ ತೋರಿಸಿದ್ದರು. 1949ರಲ್ಲಿ ಜಾನ್ ಎಂಡರ್ಸ್ ಮತ್ತು ಜೊತೆಗಾರರು ಗಾಜಿನ ನಳಿಗೆಯೊಳಗಿನ ಜೀವಕೋಶದಲ್ಲಿ ಪೋಲಿಯೊ ವೈರಸ್ ಬೆಳೆಸಿದರು, 1954ರಲ್ಲಿ ನೊಬೆಲ್ ಬಂತು. ಜೋನಸ್ ಸಾಲ್ಕ್ ಅದನ್ನು ಫಾರ್ಮಾಲಿನ್‌ನಲ್ಲಿ ಕೊಂದು 1955ರಲ್ಲಿ ಪೋಲಿಯೊ ಲಸಿಕೆ ಕೊಟ್ಟರು. ಮಂಗನ ಕಾಯಿಲೆಯ ಲಸಿಕೆ ಈ ಮೂವರ ದಾರಿಯನ್ನೂ ಒಟ್ಟು ಮಾಡಿದ್ದು. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸು, ಫಾರ್ಮಾಲಿನ್‌ನಲ್ಲಿ ಕೊಲ್ಲು, ಚುಚ್ಚು.

ಕೊಲ್ಲುವ ಕೆಲಸ ಹೇಳಿದಷ್ಟು ಸುಲಭ ಅಲ್ಲ. ಫಾರ್ಮಾಲಿನ್ ಕಡಿಮೆಯಾದರೆ ಜೀವಂತ ವೈರಸ್ ಉಳಿದು ಲಸಿಕೆಯೇ ರೋಗ ತರುತ್ತದೆ. ಸಾಲ್ಕ್ ಲಸಿಕೆಯ ಮೊದಲ ತಿಂಗಳಲ್ಲೇ ಅಮೆರಿಕದಲ್ಲಿ ಒಂದು ತಯಾರಕರ ಲಸಿಕೆಯಿಂದ ಹೀಗಾಗಿ ಮಕ್ಕಳಿಗೆ ಪೋಲಿಯೊ ಬಂತು. ಜಾಸ್ತಿಯಾದರೆ ವೈರಸ್ಸಿನ ಹೊರರೂಪವೇ ಕೆಟ್ಟು, ನಮ್ಮ ದೇಹಕ್ಕೆ ಅದರ ಗುರುತು ಹತ್ತುವುದಿಲ್ಲ. ಆಗ ಚುಚ್ಚಿಸಿಕೊಂಡ ನೋವಷ್ಟೇ ಲಾಭ. ಆ ನೋವಿನ ಬಗ್ಗೆ ಹೇಳುವುದೇ ಬೇಡ, ಹಳೆಯ ಲಸಿಕೆ ಹಾಕಿಸಿಕೊಂಡವರಿಗೆ ತೋಳು ಮರೆತಿರಲಿಕ್ಕಿಲ್ಲ.

1990ರಿಂದ ಕರ್ನಾಟಕದಲ್ಲಿ ಈ ಲಸಿಕೆ ದೊಡ್ಡದಾಗಿ ಬಳಕೆಗೆ ಬಂತು. ತಯಾರಾಗುತ್ತಿದ್ದದ್ದು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಮೊದಲ ವರದಿ ಖುಷಿಯದ್ದು: ಒಂದು ಡೋಸ್ ಪಡೆದವರಲ್ಲಿ ಶೇ. 79, ಎರಡು ಪಡೆದವರಲ್ಲಿ ಶೇ. 93ರಷ್ಟು ರಕ್ಷಣೆ. 2005ರಿಂದ 2010ರವರೆಗಿನ ಲೆಕ್ಕ ಹಿಡಿದು 2013ರಲ್ಲಿ ಬಂದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ. 62ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿದರೆ ಶೇ. 83. ಇದರ ಅರ್ಥ ಹೀಗೆ: ಲಸಿಕೆ ಇಲ್ಲದೆ 100 ಜನಕ್ಕೆ ಕಾಯಿಲೆ ಬರುವಂಥ ಕಡೆ, ಎರಡು ಡೋಸ್ ಪಡೆದವರಾದರೆ 38 ಜನಕ್ಕೆ ಬರುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಕೂಲಿ ಬಿಟ್ಟು, ನೋವು ತಿಂದು ಇಷ್ಟು ಸಲ ಬರುವವರು ಎಷ್ಟು ಜನ? ಮೊದಲ ಡೋಸಿಗೆ ಬಂದವರೆಲ್ಲ ಎರಡನೆಯದಕ್ಕೆ ಬರಲಿಲ್ಲ. ಬೂಸ್ಟರಿನ ಮಾತು ದೂರ.

ಬಲ ಯಾಕೆ ಕುಗ್ಗಿತು ಎಂಬುದರ ಬಗ್ಗೆ ವಾದಗಳಿವೆ. ವೈರಸ್ ಬದಲಾಗಿದೆ ಎನ್ನುವವರಿದ್ದಾರೆ, ತಯಾರಿಕೆಯೇ ಹಳತಾಯಿತು ಎನ್ನುವವರಿದ್ದಾರೆ. ಕೊನೆಗೆ ಬಲಪರೀಕ್ಷೆಯಲ್ಲಿ ಲಸಿಕೆ ನಿಲ್ಲುತ್ತಿಲ್ಲ ಎಂಬ ಕಾರಣಕ್ಕೆ 2022ರಲ್ಲಿ ಅದನ್ನು ಕೈಬಿಡಲಾಯಿತು. ‘ಏನೂ ಇಲ್ಲದ್ದಕ್ಕಿಂತ ಅದೇ ವಾಸಿ’ ಎಂದು ಹಲವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬಲ ಇಲ್ಲದ ಲಸಿಕೆಗೆ ಒಂದು ಗುಪ್ತ ಕೆಡುಕು ಇದೆ. ಚುಚ್ಚಿಸಿಕೊಂಡವರು ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುತ್ತಾರೆ. ಜ್ವರ ಬಂದರೆ ‘ನಮಗೆ ಅದಲ್ಲ’ ಎಂದು ಎರಡು ದಿನ ಮನೆಯಲ್ಲೇ ಕೂರುತ್ತಾರೆ. ಈ ಕಾಯಿಲೆಗೆ ನೇರ ಔಷಧ ಇಲ್ಲ. ನೀರಿನಂಶ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ಬೇಗ ಆಸ್ಪತ್ರೆ ಸೇರುವುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯಬಹುದು. ನಿಲ್ಲಿಸಿದ್ದು ಸರಿ ಎಂದೇ ನನಗನ್ನಿಸುತ್ತದೆ. ಬದಲಿ ತಯಾರಿಟ್ಟುಕೊಳ್ಳದೆ ನಿಲ್ಲಿಸುವ ಹಂತಕ್ಕೆ ಬಂದದ್ದು ಮಾತ್ರ ಸರಿಯಲ್ಲ. ಬಲ ಇಳಿಯುತ್ತಿದೆ ಎಂದು 2013ರಲ್ಲೇ ಕಾಗದದ ಮೇಲೆ ಇತ್ತು.

ಹೊಸದಕ್ಕೆ ಇಷ್ಟು ತಡ ಯಾಕೆ?

ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಗೆತ್ತಿಕೊಂಡಿವೆ. ಕೊರೊನಾ ಲಸಿಕೆ ಒಂದು ವರ್ಷದಲ್ಲಿ ಬಂತಲ್ಲ, ಇದಕ್ಕೇನು ಎಂದು ಕೇಳುವವರಿಗೆ ಎರಡು ಕಾರಣ ಹೇಳಬೇಕು.

ಒಂದು, ಈ ವೈರಸ್ ಪ್ರಯೋಗಾಲಯದವರನ್ನೂ ಬಿಡುವುದಿಲ್ಲ. ಪುಣೆಯ ಕೇಂದ್ರದಲ್ಲಿ ಮೊದಲ ವರ್ಷಗಳಲ್ಲಿ ಸಿಬ್ಬಂದಿಗೇ ಸೋಂಕು ತಗುಲಿತ್ತು. ಆದ್ದರಿಂದ ಇದರ ಮೇಲೆ ಎಲ್ಲೆಂದರಲ್ಲಿ ಕೆಲಸ ಮಾಡಲಾಗದು. ಪುಣೆಯಲ್ಲಿ 2012ರಲ್ಲಿ ಆರಂಭವಾದ ಅತಿ ಭದ್ರತೆಯ ಪ್ರಯೋಗಾಲಯದಂಥ ಜಾಗ ಬೇಕು.

ಇನ್ನೊಂದು ಹಣದ ಲೆಕ್ಕ. ವರ್ಷಕ್ಕೆ ಸುಮಾರು 400-500 ಪ್ರಕರಣ, ಅದೂ ಪಶ್ಚಿಮ ಘಟ್ಟದ ಕೆಲವು ತಾಲೂಕುಗಳಲ್ಲಿ. ಕಂಪನಿಯೊಂದಕ್ಕೆ ಇದು ಮಾರುಕಟ್ಟೆಯೇ ಅಲ್ಲ. ಸರ್ಕಾರ ದುಡ್ಡು ಹಾಕಿ, ಕೊಳ್ಳುತ್ತೇನೆಂದು ಮಾತು ಕೊಟ್ಟರೆ ಮಾತ್ರ ಲಸಿಕೆ ಹುಟ್ಟುತ್ತದೆ. ಹಳದಿ ಜ್ವರಕ್ಕೆ ಮ್ಯಾಕ್ಸ್ ಥೈಲರ್ 1937ರಲ್ಲಿ ಮಾಡಿದ ಲಸಿಕೆಯ ಒಂದೇ ಚುಚ್ಚು ದಶಕಗಟ್ಟಲೆ ಕಾಯುತ್ತದೆ, ಅದಕ್ಕೆ 1951ರಲ್ಲಿ ನೊಬೆಲ್ ಕೂಡ ಬಂತು. ಅದರ ಹಿಂದೆಯೂ ರಾಕ್‌ಫೆಲರ್ ಪ್ರತಿಷ್ಠಾನದ ಹಣ ಇತ್ತು. ಪನಾಮಾ ಕಾಲುವೆ, ವ್ಯಾಪಾರ, ಸೇನೆ ಎಲ್ಲದಕ್ಕೂ ಆ ಜ್ವರ ಅಡ್ಡಿಯಾಗಿತ್ತು. ದರಕು ಹೊರುವವರ ಜ್ವರಕ್ಕೆ ಅಂಥ ಬೆಂಬಲಿಗರು ಇಲ್ಲ.

ಮನುಷ್ಯರ ಮೇಲಿನ ಪ್ರಯೋಗವೂ ಬೇಗ ಮುಗಿಯುವುದಲ್ಲ. ಮೊದಲು ಕೆಲವೇ ಆರೋಗ್ಯವಂತರಲ್ಲಿ ಸುರಕ್ಷತೆ ನೋಡಬೇಕು, ಆಮೇಲೆ ದೇಹ ಎಷ್ಟು ಪ್ರತಿರೋಧ ಬೆಳೆಸುತ್ತದೆ ಎಂದು ನೋಡಬೇಕು. ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಎಂದು ತಿಳಿಯಲು ಕಾಯಿಲೆ ಇರುವ ಊರಿನಲ್ಲೇ ಕೊಡಬೇಕು. ಪ್ರಕರಣ ಕಡಿಮೆ ಇದ್ದ ವರ್ಷ ಊರಿಗೆ ಒಳ್ಳೆಯದು, ಪ್ರಯೋಗಕ್ಕೆ ಕಷ್ಟ.

ಲಸಿಕೆ ಬಂದರೆ ಕಾಯಿಲೆ ಹೋಗುತ್ತದೆಯೇ?

ಇಲ್ಲಿ ಪಾವ್ಲೋವ್ಸ್ಕಿ ಮಾತು ನೆನಪಿಗೆ ಬರಬೇಕು. ಪೋಲಿಯೊ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನೂರರಲ್ಲಿ 90 ಮಕ್ಕಳಿಗೆ ಹನಿ ಹಾಕಿದರೆ ಸರಪಳಿ ಕಡಿದು, ಉಳಿದ 10 ಮಕ್ಕಳೂ ಪಾರಾಗುತ್ತಾರೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ಮೈಗೆ ಬಂದ ವೈರಸ್ ನಮ್ಮಲ್ಲೇ ಮುಗಿಯುತ್ತದೆ. ಹಾಗಾಗಿ ಊರಿನ 90 ಜನಕ್ಕೆ ಲಸಿಕೆ ಹಾಕಿದರೂ ಉಳಿದ 10 ಜನಕ್ಕೆ ಅಪಾಯ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಬೆಟ್ಟದ ಉಣುಗಿಗೆ ಊರಿನ ಲಸಿಕೆ ಪಟ್ಟಿ ಗೊತ್ತಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡವನು ನೆನೆಯುವುದಿಲ್ಲ ನಿಜ, ಆದರೆ ಪಕ್ಕದವನ ಮೇಲೆ ಮಳೆ ಬೀಳುವುದು ನಿಲ್ಲುತ್ತದೆಯೇ?

ಹೀಗಾಗಿ ‘ಲಸಿಕೆ ಬಂದರೆ ಸಾಕು’ ಎನ್ನುವವರೂ, ‘ಕಾಡು ಸರಿಮಾಡಿದರೆ ಲಸಿಕೆ ಯಾಕೆ’ ಎನ್ನುವವರೂ ಅರ್ಧ ಮಾತ್ರ ಸರಿ. ಗೂಡನ್ನು ಅಳಿಸುವ ದಾರಿ ಯಾರ ಬಳಿಯೂ ಇಲ್ಲ. ಗೂಡಿಗೆ ಕೈ ಹಾಕಲೇಬೇಕಾದವರಿಗೆ ಒಳ್ಳೆಯ ಲಸಿಕೆ ಬೇಕು. ಜೊತೆಗೆ ಗೂಡು ದೊಡ್ಡದಾಗದಂತೆ ನೋಡಿಕೊಳ್ಳುವವರೂ ಬೇಕು. 2012ರ ನಂತರ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಸಿಂಧುದುರ್ಗ ಹೀಗೆ ಹೊಸ ಹೊಸ ಕಡೆ ಕಾಯಿಲೆ ಕಾಣಿಸಿಕೊಂಡಿದೆ. ಗೂಡುಗಳು ನಮ್ಮ ಲೆಕ್ಕಕ್ಕಿಂತ ಹೆಚ್ಚಿವೆ ಎಂದಾಯಿತು.

ಮಂಗ ಓಡಿಸಿ, ಬೆಂಕಿ ಹಾಕಿ, ಪುಡಿ ಹೊಡೆಯಿರಿ

ಅಡಿಕೆ ಹಿಂಗಾರ ಕಿತ್ತು, ಬಾಳೆಗೊನೆ ಮುರಿದು, ಯಾಲಕ್ಕಿ ಹಾಳು ಮಾಡುವ ಮಂಗಗಳ ಮೇಲೆ ಸಿಟ್ಟಿಗೆ ನಮ್ಮಲ್ಲಿ ಬರ ಇಲ್ಲ. ಕಾಯಿಲೆಯ ಹೆಸರಲ್ಲೂ ಮಂಗ ಇದೆ. ರೋಗಗಳಿಗೆ ಪ್ರಾಣಿಯ, ಊರಿನ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು, ಆದರೆ ಆ ಹೊತ್ತಿಗೆ ಈ ಹೆಸರಿಗೆ ಅರ್ಧ ಶತಮಾನ ಆಗಿತ್ತು. ಮಂಗಗಳನ್ನೇ ಇಲ್ಲವಾಗಿಸಿದರೆ ಆಯಿತಲ್ಲ ಎನ್ನುವ ಮಾತು ಅಲ್ಲಿಂದ ಹುಟ್ಟುತ್ತದೆ. ಬ್ರೆಜಿಲ್‌ನಲ್ಲಿ 2017ರಲ್ಲಿ ಹಳದಿ ಜ್ವರ ಬಂದಾಗ ಜನ ಹೆದರಿ ಮಂಗಗಳನ್ನು ಹೊಡೆದು ಕೊಂದರು. ಮಂಗ ಸತ್ತದ್ದನ್ನು ನೋಡಿ ಎಚ್ಚರವಾಗುತ್ತಿದ್ದ ಆರೋಗ್ಯ ಇಲಾಖೆಗೆ ಆಮೇಲೆ ಯಾವುದು ರೋಗದ ಸಾವು, ಯಾವುದು ದೊಣ್ಣೆಯ ಸಾವು ಎಂದೇ ತಿಳಿಯದಾಯಿತು.

ನಮ್ಮಲ್ಲೂ ಮಂಗ ಮೊದಲ ಬಲಿ. ಕರಿಮುಖದ ಮುಸುವ ಆಗಲಿ, ಅಂಗಳಕ್ಕೆ ಬರುವ ಮಂಗ ಆಗಲಿ, ಸತ್ತು ಬಿದ್ದರೆ ಮೈ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿದ್ದ ಉಣುಗೆಲ್ಲ ಇಳಿದು ಸುತ್ತಲ ದರಕಿಗೆ ಸೇರುತ್ತದೆ. ಆ ಒಂದು ಜಾಗ ಬೆಟ್ಟದಲ್ಲೇ ಅತಿ ಅಪಾಯದ ಜಾಗ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಪುಡಿ ಹಾಕುವುದು, ಅಲ್ಲಿಗೆ ಜನ ಹೋಗದಂತೆ ತಡೆಯುವುದು ಅದಕ್ಕೇ.

ಅದೇ ಪುಡಿಯನ್ನು ಇಡೀ ಬೆಟ್ಟಕ್ಕೆ ಹೊಡೆಯಿರಿ ಎನ್ನುವುದು ಬೇರೆ ಮಾತು. ಕೀಟನಾಶಕ ಬೇಕಾದ ಹುಳವನ್ನೂ ಬಿಡುವುದಿಲ್ಲ ಎಂದು ರೇಚೆಲ್ ಕಾರ್ಸನ್ 1962ರಲ್ಲೇ ಎಚ್ಚರಿಸಿದ್ದರು. ಅವರೂ ಜೀವವಿಜ್ಞಾನಿ, ಕಡಲ ಜೀವಿಗಳನ್ನು ಓದಿದವರು. ಶಿರಸಿ ಸಿದ್ದಾಪುರದಲ್ಲಿ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುವ ಮನೆಗಳು ಎಷ್ಟಿಲ್ಲ! ದರಕಿಗೆ ಬೆಂಕಿ ಹಾಕಿದರೆ ಉಣುಗು ಸಾಯಬಹುದು, ಜೊತೆಗೆ ತೋಟದ ಗೊಬ್ಬರವೂ ಬೂದಿ. ದನಗಳಿಗೆ ಉಣುಗಿನ ಔಷಧ ಕೊಡುವುದು ಇದಕ್ಕಿಂತ ಬುದ್ಧಿವಂತ ದಾರಿ ಎಂದು ನನಗನ್ನಿಸುತ್ತದೆ, ಯಾಕೆಂದರೆ ಅದು ಬೋಶೆಲ್ ತೋರಿಸಿದ ಕೊಂಡಿಗೇ ಪೆಟ್ಟು. ಆದರೆ ಅದಕ್ಕೆ ಪಶುವೈದ್ಯರು, ಅರಣ್ಯದವರು, ಆರೋಗ್ಯ ಇಲಾಖೆಯವರು ಒಂದೇ ಮೇಜಿಗೆ ಬರಬೇಕು.

ಲೆಕ್ಕ ಹಾಕಬೇಕಾದ ತಿಂಗಳುಗಳು

ಹೊಸ ಲಸಿಕೆ ಒಪ್ಪಿಗೆ ಪಡೆದು ಬಂದರೂ ಮೊದಲ ವರ್ಷ ಎಲ್ಲರಿಗೂ ಸಾಕಾಗುವಷ್ಟು ಬರಲಿಕ್ಕಿಲ್ಲ. ಯಾರಿಗೆ ಮೊದಲು ಎಂಬ ಪ್ರಶ್ನೆ ಬರುತ್ತದೆ. ಒಬ್ಬರಿಗೆ ಹಾಕಿದರೆ ಪಕ್ಕದವರಿಗೆ ರಕ್ಷಣೆ ಇಲ್ಲ ಎಂದ ಮೇಲೆ ಊರಿನ ಜನಸಂಖ್ಯೆ ನೋಡಿ ಹಂಚುವುದರಲ್ಲಿ ಅರ್ಥ ಇಲ್ಲ. ಬೆಟ್ಟಕ್ಕೆ ಹೋಗುವವರ ಪಟ್ಟಿ ಬೇಕು. ದರಕು ಗುಡಿಸುವವರು, ದನ ಕಾಯುವವರು, ಕಟ್ಟಿಗೆ ತರುವವರು, ಅರಣ್ಯ ಇಲಾಖೆಯ ವಾಚರುಗಳು.

ಹಾಕುವ ಹೊತ್ತೂ ಅಷ್ಟೇ ಮುಖ್ಯ. ಚುಚ್ಚಿದ ದಿನವೇ ದೇಹ ತಯಾರಾಗುವುದಿಲ್ಲ. ಎರಡು ಡೋಸ್ ತಿಂಗಳ ಅಂತರದಲ್ಲಿ ಕೊಡುವುದಾದರೆ, ಡಿಸೆಂಬರಿಗೆ ರಕ್ಷಣೆ ಸಿದ್ಧ ಇರಬೇಕಾದರೆ, ಮೊದಲ ಚುಚ್ಚು ಚೌತಿಯ ಹಬ್ಬ ಮುಗಿದ ಕೂಡಲೇ ಬೀಳಬೇಕು, ಎರಡನೆಯದು ದೀಪಾವಳಿಯ ಒಳಗೆ. ಆಮೇಲೆ ಅಡಿಕೆ ಕೊಯ್ಲು ಶುರು. ಅಡಿಕೆ ಕೊನೆ ಇಳಿಸುವ ಕೊನೆಗೌಡರ ಹಿಂದೆ ಓಡಾಡುವ ಆ ದಿನಗಳಲ್ಲಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತು ಇರುವುದಿಲ್ಲ.